ಬಿಸಿಲಿಗೆ ಚೌಕಾಶಿ

ಕೇಳಿದ ಬೆಲೆಯನ್ನು ಕೇಳಿದ ಹಾಗೇ ಕೊಟ್ಟು ಬರುವವರನ್ನು ಕಂಡರೆ ಮರಿಮಲ್ಲಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅರವತ್ತನಾಲ್ಕು ವರ್ಷದ ಜೀವಮಾನದಲ್ಲಿ ಆ ಪಾಪವನ್ನು ಅವರು ಒಂದು ಸಲವೂ ಮಾಡಿದವರಲ್ಲ. ಸೊಪ್ಪಿನವಳು ಹತ್ತು ರೂಪಾಯಿ ಅಂದರೆ ಎಂಟು ಅನ್ನುವರು. ಅವಳೇ ಎಂಟು ಅಂದಿದ್ದರೆ ಆರು ಅನ್ನುತ್ತಿದ್ದರು. ಕಂಡಕ್ಟರು ಟಿಕೆಟ್ ಕೊಡುವಾಗಲೂ ಅವರ ಬಾಯಿ ಅಭ್ಯಾಸಬಲದಿಂದ ಒಂದು ಸಲ ತೆರೆದುಕೊಳ್ಳುತ್ತಿತ್ತು. (ಸರ್ಕಾರಿ ಬಸ್ಸಾದ್ದರಿಂದ ಮತ್ತೆ ಮುಚ್ಚಿಕೊಳ್ಳುತ್ತಿತ್ತು.) ಅಂಥ ಮನುಷ್ಯ ಈಗ ಒಂದು ತಿಂಗಳಿಂದ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ, ಗುಂಡ್ಲುಪೇಟೆಯ ತಮ್ಮ ಮನೆಯಲ್ಲಿ ಹಜಾರದಿಂದ ತಾರಸಿಗೂ ತಾರಸಿಯಿಂದ ಹಜಾರಕ್ಕೂ ಹತ್ತಿಳಿಯುತ್ತಿದ್ದರು. ಕೈಯಲ್ಲಿ ಮೂರು ಕಾಗದ. ಮೂರೂ ಸೋಲಾರ್ ಕಂಪನಿಯವರು ಕೊಟ್ಟ ಕೊಟೇಶನ್ನು.

ಅವರ ಕಸುಬನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಮರಿಮಲ್ಲಪ್ಪನವರು ನಲವತ್ತು ವರ್ಷ ತೆರಕಣಾಂಬಿಯ ದನದ ಸಂತೆಯಲ್ಲಿ ದಳ್ಳಾಳಿಯಾಗಿದ್ದವರು. ಅದೂ ಕೊಳ್ಳುವವರ ಕಡೆಯ ದಳ್ಳಾಳಿ. ಎದುರಿಗೆ ಎಂಥ ಎತ್ತು ನಿಂತಿದ್ದರೂ ಅದನ್ನು ಹಳಿಯುವುದೇ ಅವರ ಕೆಲಸ. ಬಾಯಿ ಬಿಡಿಸಿ ಹಲ್ಲು ನೋಡಿ ತುಟಿ ಸೊಟ್ಟ ಮಾಡುವರು. ಬೆನ್ನು ಸವರಿ, ಕೂದಲಲ್ಲಿ ಕೆಟ್ಟ ಸುಳಿ ಹುಡುಕಿ, ಸತ್ತವರ ಮನೆಗೆ ಬಂದವರ ದನಿಯಲ್ಲಿ 'ಅಯ್ಯೋ ಶಿವನೇ' ಅನ್ನುವರು. ಮಾರಲು ಬಂದವನಿಗೇ ತನ್ನ ಎತ್ತಿನ ಮೇಲೆ ಅನುಮಾನ ಹುಟ್ಟಿದ ಮೇಲೆ, ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹಾಸಿಕೊಂಡು ಅದರಡಿಯಲ್ಲಿ ಅವನ ಬೆರಳು ಹಿಡಿದು ಬೆಲೆ ಮುಗಿಸುವರು. ಒಂದು ಬೆರಳು ಅಂದರೆ ಹತ್ತು ಸಾವಿರ. ಪಕ್ಕದಲ್ಲಿ ನಿಂತವನಿಗೂ ಅಂಕಿ ತಿಳಿಯುವಂತಿಲ್ಲ. ಈ ವಿದ್ಯೆಯಿಂದಲೇ ಅವರು ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿದರು, ಮುಂದೆ ಎರಡು ಮಳಿಗೆ ಎತ್ತಿದರು. ವ್ಯಾಪಾರದ ತಕರಾರು ಯಾವತ್ತಾದರೂ ಮನೆ ಬಾಗಿಲಿಗೆ ಬಂದೀತೆಂಬ ದೂರಾಲೋಚನೆಯಿಂದ ಮನೆ, ಮಳಿಗೆ, ಕರೆಂಟು ಮೀಟರು ಎಲ್ಲವನ್ನೂ ಹೆಂಡತಿ ಶಿವರುದ್ರಮ್ಮನ ಹೆಸರಿಗೆ ಮಾಡಿಸಿದ್ದರು.

ಈಗ ಸೋಲಾರಿನ ವಿಷಯ. ಅವರ ಒಬ್ಬಳೇ ಮಗಳು ಶಿವಾನಿ. ಚಾಮರಾಜನಗರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳಾಗಿತ್ತು. ಹೆರಿಗೆಗೆ ತವರಿಗೆ ಬರುವುದು ಗೊತ್ತೇ ಇದ್ದದ್ದು. ಶಿವರುದ್ರಮ್ಮ ಹಳೆಯ ನೂಲಿನ ಸೀರೆಗಳನ್ನು ಒಗೆದು, ಹರಿದು, ಮಗುವಿಗೆ ಬೇಕಾಗುವ ಬಟ್ಟೆ ಮಡಿಸಿಟ್ಟಿದ್ದರು. ಅಷ್ಟರಲ್ಲಿ ಫೆಬ್ರುವರಿಯ ಒಂದು ದಿನ ಶಿವಾನಿಯ ಫೋನು ಬಂತು.

"ಅಪ್ಪ, ಇಲ್ಲಿ ಮಾವ ತಾರಸಿ ಮೇಲೆ ಸೋಲಾರ್ ಹಾಕ್ಸಿ, ನಮ್ಮ ರೂಮಿಗೆ ಏಸಿ ಮಾಡ್ಸವ್ರೆ. ಡಾಕ್ಟ್ರು ಸೆಕೇಲಿ ಇರ್ಬೇಡ ಅಂದವ್ರೆ. ನಮ್ಮನೆ ಹಿಂದ್ಲ ರೂಮು ಏಪ್ರಿಲ್‌ನಲ್ಲಿ ಹೆಂಗಿರ್ತದೆ ಅಂತ ನಿಂಗೇ ಗೊತ್ತಲ್ಲ. ಅದ್ಕೇ ಹೆರಿಗೆ, ಬಾಣಂತನ ಎಲ್ಲ ಇಲ್ಲೇ ಆಗ್ಲಿ ಅಂತ ಅತ್ತೆ ಅಂತಾವ್ರೆ."

ಶಿವರುದ್ರಮ್ಮ ಆ ದಿನ ಉಣ್ಣಲಿಲ್ಲ. ಮಡಿಸಿಟ್ಟ ಬಟ್ಟೆಯ ಗಂಟನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ಆಯಿತು. "ಚೊಚ್ಚಲ ಹೆರಿಗೆನ ಗಂಡನ ಮನೇಲಿ ಮಾಡ್ಸದಾ? ಜನ ನಾನು ಸತ್ತೋಗಿವ್ನಿ ಅಂದ್ಕತಾರೆ," ಎಂದರು. ಮರಿಮಲ್ಲಪ್ಪನವರಿಗೂ ಸಂಕಟವಾಯಿತು. ಹಜಾರದ ತೊಲೆಯಲ್ಲಿ ಶಿವಾನಿಯ ತೊಟ್ಟಿಲು ಕಟ್ಟಿದ ಕೊಂಡಿ ಇನ್ನೂ ಹಾಗೇ ಇತ್ತು. ಅದಕ್ಕೆ ಮತ್ತೆ ತೊಟ್ಟಿಲು ಕಟ್ಟಬೇಕೆಂದು ಅವರು ಕಳೆದ ದೀಪಾವಳಿಯಲ್ಲೇ ಎಣ್ಣೆ ಹಚ್ಚಿಟ್ಟಿದ್ದರು. ಮಗಳು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಸರಿ, ಏಸಿ ಹಾಕಿಸಬೇಕು. ಏಸಿ ಹಾಕಿದರೆ ಇನ್ನೂರು ಯೂನಿಟ್ಟು ದಾಟುತ್ತದೆ, ಸರ್ಕಾರದ ಬಿಟ್ಟಿ ಕರೆಂಟು ತಪ್ಪಿ ಪೂರ್ತಿ ಬಿಲ್ಲು ಬರುತ್ತದೆ. ಬಿಲ್ಲು ಕಟ್ಟುವುದಕ್ಕಿಂತ ಸೋಲಾರ್ ಹಾಕಿಸಿದರೆ ಸಬ್ಸಿಡಿ ಉಂಟು, ಬ್ಯಾಂಕ್ ಸಾಲ ಉಂಟು, ಐದು ವರ್ಷ ಕಂತು ಕಟ್ಟಿದರೆ ಆಮೇಲೆ ಸೂರ್ಯದೇವನೇ ಬಿಟ್ಟಿ ಆಳು. ಬೀಗರಾದ ಬಸವಣ್ಣನವರು ಹಾಗೇ ಮಾಡಿದ್ದರು. ಆದರೆ ಅವರು ಕಂಪನಿಯವನು ಹೇಳಿದ ಬೆಲೆಗೇ ಸಹಿ ಹಾಕಿ ಬಂದಿದ್ದರು. ಇದನ್ನು ಕೇಳಿದ ದಿನದಿಂದ ಮರಿಮಲ್ಲಪ್ಪನವರ ಮನಸ್ಸಿನಲ್ಲಿ ಬೀಗರ ಸ್ಥಾನ ಒಂದು ಮೆಟ್ಟಿಲು ಕೆಳಗಿಳಿದಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಓಡಾಟ. ಮೊದಲನೆಯ ಕಾಗದ ಗುಂಡ್ಲುಪೇಟೆಯ ದಿಲೀಪನದು. ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿದ್ದ ಹುಡುಗ. ಎರಡನೆಯದು ಮೈಸೂರಿನದು, ಫೋನಿನಲ್ಲಿ ಒಬ್ಬಳು ಹುಡುಗಿ 'ಮುಂಗಡವೇ ಬೇಡ ಸಾರ್' ಎಂದು ಜೇನು ಸುರಿಸಿದ್ದಳು. ಮೂರನೆಯದು ಕೇರಳದ ಬತ್ತೇರಿ ಕಡೆಯ ಒಬ್ಬ ಏಜೆಂಟನದು; ಈರುಳ್ಳಿ ಲಾರಿಯ ಜೊತೆ ಬಂದು 'ಚೇಟಾ, ನಮ್ಮ ಪ್ಯಾನೆಲ್ ಮಳೆಯಲ್ಲೂ ಕರೆಂಟ್ ಕೊಡುತ್ತದೆ' ಎಂದು ಆಣೆ ಮಾಡಿ ಹೋಗಿದ್ದ. ಬೆಳಗಿನ ಕಾಫಿಯ ಹೊತ್ತಿಗೆ ಮರಿಮಲ್ಲಪ್ಪನವರಿಗೆ ಮೈಸೂರಿನದೇ ಸರಿ ಅನ್ನಿಸುತ್ತಿತ್ತು. ಮಧ್ಯಾಹ್ನದ ಮುದ್ದೆಯ ಹೊತ್ತಿಗೆ ಬತ್ತೇರಿ. ದೀಪ ಹಚ್ಚುವ ಹೊತ್ತಿಗೆ ದಿಲೀಪ. ನಡುವೆ ಮೂವರಿಗೂ ಫೋನು ಮಾಡಿ, ಉಳಿದ ಇಬ್ಬರು ನಿಮಗಿಂತ ಕಡಿಮೆ ಹೇಳಿದ್ದಾರೆಂದು ಸುಳ್ಳು ಹೇಳಿಯಾಗುತ್ತಿತ್ತು.

"ನೀವು ಮೊದ್ಲು ಒಂದ್ಕಡೆ ಕೂತ್ಕಳಿ. ನಿಮ್ಮನ್ನ ನೋಡಿ ನೋಡಿ ನಂಗೇ ತಲೆ ತಿರುಗ್ತದೆ," ಎಂದರು ಶಿವರುದ್ರಮ್ಮ.

"ಕೂತ್ರೆ ಬೆಲೆ ಇಳ್ಯಲ್ಲ ಕಣೆ."

"ಮಗೀಗೆ ಬೆಲೆ ಗೊತ್ತಾಯ್ತದಾ? ಅದು ಅದ್ರ ದಿನಕ್ಕೆ ಬತ್ತದೆ."

ಕೊನೆಗೆ ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ದಿಲೀಪ ಜಾಗ ನೋಡಲು ಬಂದ. ತಾರಸಿಯ ಮೇಲೆ ಕಾಲಿಡುವ ಹಾಗಿರಲಿಲ್ಲ, ಅಷ್ಟು ಕಾದಿತ್ತು. ಒಂದು ಮೂಲೆಯಲ್ಲಿ ಶಿವರುದ್ರಮ್ಮ ತಲೆಗೆ ಸೆರಗು ಹೊದ್ದು ಬೆಳಗ್ಗೆ ಹಾಕಿದ ಹಪ್ಪಳ ತಿರುವುತ್ತಿದ್ದರು. ದಿಲೀಪ ಕರ್ಚೀಫಿನಿಂದ ಕತ್ತು ಒರೆಸಿಕೊಂಡು, "ಸೂಪರ್ ಜಾಗ ಸಾರ್. ಒಳ್ಳೆ ಬಿಸಿಲು," ಎಂದ.

ಮಾರುವವನು ಹೊಗಳಿದ ಮೇಲೆ ಕೊಳ್ಳುವವನು ಸುಮ್ಮನಿರುವುದುಂಟೆ? ಮರಿಮಲ್ಲಪ್ಪನವರ ತುಟಿ ತಾನಾಗಿಯೇ ಸೊಟ್ಟಗಾಯಿತು.

"ಏನ್ ಬಿಸ್ಲಪ್ಪ. ಇವತ್ತೇನೋ ನಿನ್ ಪುಣ್ಯಕ್ಕೆ ಬಿದ್ದದೆ. ಗೋಪಾಲಸ್ವಾಮಿ ಬೆಟ್ಟದ ಮಂಜು ನೋಡು, ಮಧ್ಯಾಹ್ನದ ಗಂಟ ಇಲ್ಲೇ ಕೂತಿರ್ತದೆ. ತಾರಸಿ ಬೇರೆ ಸೋರ್ತದೆ. ನಿನ್ ಪ್ಯಾನೆಲ್ ಭಾರ ತಡೀತದೋ ಇಲ್ವೋ."

"ಸೋರ್ತದಾ? ಯಾವಾಗ?" ಎಂದು ಶಿವರುದ್ರಮ್ಮ ಹಪ್ಪಳ ಕೈಯಲ್ಲಿ ಹಿಡಿದೇ ಎದ್ದುನಿಂತರು. ಮರಿಮಲ್ಲಪ್ಪನವರು ಕಣ್ಣು ಮಿಟುಕಿಸಿದರು. ಆಕೆ ನಿಟ್ಟುಸಿರುಬಿಟ್ಟು ಮತ್ತೆ ಕೂತರು.

ಆಮೇಲೆ ಮರಿಮಲ್ಲಪ್ಪನವರು ಟವೆಲ್ಲು ತೆಗೆದು ಕೈಮೇಲೆ ಹಾಸಿ, "ಕೈ ಕೊಡು," ಎಂದರು. ದಿಲೀಪನಿಗೆ ಅದೇನೆಂದು ತಿಳಿಯಲಿಲ್ಲ. ಕೈಕುಲುಕಲು ಇರಬೇಕೆಂದು ಕೊಟ್ಟ. ಟವೆಲ್ಲಿನ ಒಳಗೆ ನಲವತ್ತು ವರ್ಷದ ಅನುಭವ ಅವನ ಬೆರಳುಗಳನ್ನು ಒಂದೊಂದಾಗಿ ಹಿಂಡತೊಡಗಿತು.

"ಸಾರ್, ಕಚಗುಳಿ ಆಯ್ತದೆ ಸಾರ್," ಎಂದು ಅವನು ಕೈ ಕಿತ್ತುಕೊಂಡ. "ರೇಟು ಕಂಪನಿದು ಸಾರ್, ನಾನು ಇಳ್ಸಕ್ಕಾಗಲ್ಲ. ಸಾಲ ಬ್ಯಾಂಕಿನೋರು ಕೊಡದು. ಮನೆ ಅಮ್ಮನ ಹೆಸ್ರಲ್ಲಿ ಅದೆ, ಮೀಟ್ರೂ ಅಮ್ಮಂದೇ. ಅರ್ಜಿ ಅವ್ರೇ ಹಾಕ್ಲಿ, ಸಲೀಸಾಯ್ತದೆ."

"ಅವ್ಳಿಗೇನಪ್ಪ ಗೊತ್ತು ವ್ಯಾಪಾರ. ಅರ್ಜಿ ನಂದು. ಬೇಕಾದ್ರೆ ಅವ್ಳು ಒಂದು ಸಹಿ ಹಾಕ್ತಾಳೆ."

ಹಾಗೆ ಅರ್ಜಿ ಹೋಯಿತು. ಬ್ಯಾಂಕಿನ ಕಡೆಯಿಂದ ಮನೆ ನೋಡಲು ಸೋಮೇಶ್ ಎಂಬ ಅಧಿಕಾರಿ ಬಂದ. ಮಾತು ಕಡಿಮೆ, ಬರವಣಿಗೆ ಜಾಸ್ತಿ. ಇವರು ಏನು ಹೇಳಿದರೂ "ಹೌದಾ ಸಾರ್," ಎಂದು ಬರೆದುಕೊಳ್ಳುತ್ತಿದ್ದ. ಮರಿಮಲ್ಲಪ್ಪನವರಿಗೆ ಇಷ್ಟು ಒಳ್ಳೆಯ ಕೇಳುಗ ಸಂತೆಯಲ್ಲೂ ಸಿಕ್ಕಿರಲಿಲ್ಲ. ಒಂದೊಂದು ಸಾಲು ಅವನು ಬರೆದಾಗಲೂ ಬಡ್ಡಿ ಕಾಲು ಕಾಲು ಪರ್ಸೆಂಟು ಇಳಿದ ಹಾಗೆ ಅವರಿಗೆ ಕಾಣುತ್ತಿತ್ತು. ಮಂಜು ಹೇಳಿದರು. ಸೋರುವ ತಾರಸಿ ಹೇಳಿದರು. ವರಮಾನ ಕೇಳಿದಾಗ, "ಎಲ್ಲಿ ವರಮಾನ? ಬೀಗರು ತಿಂಗ್ಳಿಗೊಂದು ಮೂಟೆ ಅಕ್ಕಿ ಕಳಿಸ್ತಾರೆ, ಅದ್ರಲ್ಲಿ ಜೀವ ಹಿಡ್ಕಂಡಿವ್ನಿ," ಎಂದರು. ಹುರುಪು ಏರಿತ್ತು. ಹೋಗುವಾಗ ಬಾಗಿಲ ಬಳಿ ಎದೆಯ ಮೇಲೆ ಕೈಯಿಟ್ಟು, "ಐದು ವರ್ಷದ ಬಡ್ಡಿ ನನ್ನಂಥೋನಿಗೆ ಯಾಕಪ್ಪ? ಎದೆನೋವು. ಇವತ್ತೋ ನಾಳೆಯೋ," ಎಂದು ಕೆಮ್ಮಿದರು.

"ಹೌದಾ ಸಾರ್," ಎಂದು ಸೋಮೇಶ್ ಅದನ್ನೂ ಬರೆದುಕೊಂಡ.

"ಎದೆನೋವು ಯಾವಾಗ ಬಂತು?" ಎಂದು ಶಿವರುದ್ರಮ್ಮ ಗಾಬರಿಯಿಂದ ಕೇಳಿದರು.

"ಈಗ್ತಾನೆ ಬಂತು, ಈಗ್ತಾನೆ ಹೋಯ್ತು. ವ್ಯಾಪಾರ ಕಣೆ ಇದು."

ಹದಿನೈದು ದಿನ ಕಳೆಯಿತು. ಬ್ಯಾಂಕಿನಿಂದ ಉಸಿರಿಲ್ಲ. ಮರಿಮಲ್ಲಪ್ಪನವರು ದಿನಕ್ಕೆ ನಾಲ್ಕು ಸಲ ತಾರಸಿ ಅಳೆದರು. ಉದ್ದ ಇಪ್ಪತ್ತೆರಡು ಹೆಜ್ಜೆ, ಅಗಲ ಹದಿನಾಲ್ಕು. ಎಷ್ಟು ಸಲ ಅಳೆದರೂ ಅಷ್ಟೇ. ಮೈಸೂರಿನ ಹುಡುಗಿ ಫೋನು ಎತ್ತುವುದನ್ನು ಬಿಟ್ಟಳು. ಬತ್ತೇರಿಯವನು ಎತ್ತಿ, ದನಿ ಕೇಳಿ, ಇಟ್ಟುಬಿಡುತ್ತಿದ್ದ. ಅತ್ತ ಶಿವಾನಿಗೆ ಎಂಟು ತುಂಬಿತು. ಬೀಗರ ಮನೆಯಲ್ಲಿ ಬಾಣಂತಿ ಕೋಣೆಗೆ ಹೊಸ ಮಂಚ ಬಂತೆಂದು ಸುದ್ದಿ ಬಂತು. ಶಿವರುದ್ರಮ್ಮ ಮಾತು ಬಿಟ್ಟರು. ಮಾತಾಡುವ ಶಿವರುದ್ರಮ್ಮನೊಡನೆ ಹೇಗಾದರೂ ಏಗಬಹುದು. ಮಾತು ಬಿಟ್ಟ ಶಿವರುದ್ರಮ್ಮನ ಎದುರು ಮರಿಮಲ್ಲಪ್ಪನವರಿಗೆ ನೀರೂ ಇಳಿಯುತ್ತಿರಲಿಲ್ಲ.

ಅಂತೂ ಒಂದು ಸೋಮವಾರ ಫೋನು ಬಂತು: ಚಾಮರಾಜನಗರದ ಶಾಖೆಗೆ ಗಂಡ ಹೆಂಡತಿ ಇಬ್ಬರೂ ಬರಬೇಕಂತೆ, ಮ್ಯಾನೇಜರು ಮಾತಾಡಬೇಕಂತೆ. "ನೋಡ್ದಾ? ಬಡ್ಡಿ ಇಳ್ಸಕ್ಕೇ ಕರೀತಾ ಇರೋದು," ಎಂದು ಮರಿಮಲ್ಲಪ್ಪನವರು ಹೊಸ ಪಂಚೆ ಉಟ್ಟು, ವಿಭೂತಿ ಇಟ್ಟು, ಇಸ್ತ್ರಿಯಾದ ಟವೆಲ್ಲು ಹೆಗಲಿಗೇರಿಸಿದರು. ಶಿವರುದ್ರಮ್ಮ ಬೀಗರ ಮನೆಗೆಂದು ಒಂದು ಡಬ್ಬಿ ಹಪ್ಪಳ ಚೀಲದಲ್ಲಿಟ್ಟುಕೊಂಡರು. ಬಸ್ಸು ತೆರಕಣಾಂಬಿ ದಾಟುವಾಗ ಸಂತೆ ಮಾಳದ ಕಡೆ ನೋಡಿ ಮರಿಮಲ್ಲಪ್ಪನವರು ಹೆಮ್ಮೆಯಿಂದ ಮೀಸೆ ಸವರಿಕೊಂಡರು.

ಬಸ್‌ಸ್ಟ್ಯಾಂಡಿಗೆ ಬೀಗರು ಬಸವಣ್ಣನವರೇ ಬಂದಿದ್ದರು. 'ನೀವ್ಯಾಕೆ ತೊಂದ್ರೆ ತಗಂಡ್ರಿ' ಎಂದರೂ ಬಿಡದೆ ಬ್ಯಾಂಕಿನ ಮಹಡಿಯವರೆಗೂ ಜೊತೆಗೆ ಬಂದು, ಮ್ಯಾನೇಜರ ಮುಂದೆ ಪಕ್ಕದ ಕುರ್ಚಿಯಲ್ಲೇ ಕೂತರು. ಬರಲಿ ಬಿಡು, ಚೌಕಾಶಿ ಎಂದರೆ ಏನೆಂದು ಈ ಮನುಷ್ಯನೂ ಕಲಿಯಲಿ ಎಂದುಕೊಂಡರು ಮರಿಮಲ್ಲಪ್ಪನವರು.

ಮ್ಯಾನೇಜರು ನಾಗಲಕ್ಷ್ಮಿ ಎಂಬ ಹೆಣ್ಣುಮಗಳು. ಕನ್ನಡಕ ಏರಿಸಿ ಕಡತ ಬಿಚ್ಚಿದರು.

"ಸಾರ್, ನಿಮ್ಮ ಅರ್ಜಿ ನಾಮಂಜೂರಾಗಿದೆ. ಕಾರಣ ಓದ್ತೀನಿ ಕೇಳಿ. ಒಂದು, ತಾರಸಿ ಸೋರುತ್ತಿದ್ದು ಪ್ಯಾನೆಲ್ ಭಾರ ತಡೆಯುವುದು ಅನುಮಾನವೆಂದು ಅರ್ಜಿದಾರರೇ ತಿಳಿಸಿರುತ್ತಾರೆ. ಎರಡು, ಬೆಟ್ಟದ ಮಂಜಿನ ಕಾರಣ ಮಧ್ಯಾಹ್ನದವರೆಗೆ ಬಿಸಿಲು ಬೀಳುವುದಿಲ್ಲ. ಮೂರು, ಸ್ವಂತ ವರಮಾನವಿಲ್ಲ, ಬೀಗರು ಕಳಿಸುವ ಅಕ್ಕಿಯಿಂದ ಜೀವನ."

ಬಸವಣ್ಣನವರು ನಿಧಾನವಾಗಿ ಕುರ್ಚಿ ತಿರುಗಿಸಿದರು. "ನಾನ್ಯಾವಾಗ ಬೀಗ್ರೆ ಅಕ್ಕಿ ಕಳ್ಸಿದ್ದು?"

ಮರಿಮಲ್ಲಪ್ಪನವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕತೊಡಗಿದರು.

"ನಾಲ್ಕು," ಎಂದು ನಾಗಲಕ್ಷ್ಮಿ ಮುಂದುವರಿಸಿದರು, "ಅರ್ಜಿದಾರರಿಗೆ ಎದೆನೋವಿದ್ದು, ಸಾಲದ ಅವಧಿಯಾದ ಐದು ವರ್ಷ ಇರುವ ಭರವಸೆ ಅವರಿಗೇ ಇರುವುದಿಲ್ಲ."

ಆಗ ಮರಿಮಲ್ಲಪ್ಪನವರಿಗೆ ಹೊಳೆಯಿತು. ಸಾಲದ ಸಂತೆಯಲ್ಲಿ ಕೊಳ್ಳುವವನು ಬ್ಯಾಂಕು. ಗೂಟಕ್ಕೆ ಕಟ್ಟಿಸಿಕೊಂಡು ನಿಂತ ಎತ್ತು ಸಾಕ್ಷಾತ್ ತಾವೇ. ತಮ್ಮ ಬಾಯಿ ತಾವೇ ಬಿಡಿಸಿ, ಇಲ್ಲದ ಹುಳುಕು ಹಲ್ಲನ್ನೆಲ್ಲ ಎಣಿಸಿ ತೋರಿಸಿದ್ದಾರೆ. ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವ ಎತ್ತನ್ನೂ ಅವರು ಹಳಿದಿರಲಿಲ್ಲ.

ತಕ್ಷಣ ಮಾರುವವರ ಕಡೆಗೆ ಜಿಗಿದರು. "ಮೇಡಂ, ಅದು ವ್ಯಾಪಾರದ ಮಾತು. ನಮ್ಮ ತಾರಸಿ ಮೇಲೆ ಬಂಡೀಪುರದ ಆನೆ ತಂದು ನಿಲ್ಸಿ, ಒಂದು ಬಿರುಕು ಬಿಟ್ರೆ ಕೇಳಿ. ಬಿಸ್ಲು ಅಂದ್ರೆ ಸಾಮಾನ್ಯದ ಬಿಸ್ಲಲ್ಲ. ಎದೆ ಅಂದ್ರೆ, ಇರಿ, ಈಗ್ಲೇ ತೋರಿಸ್ತೀನಿ."

ಹಾಗೆಂದವರೇ ಎದ್ದು ಮಹಡಿಯ ಮೆಟ್ಟಿಲನ್ನು ದಡದಡ ಇಳಿದು, ಬೀದಿ ಮುಟ್ಟಿ, ದಡದಡ ಹತ್ತಿ ಬಂದರು. ಮೂವತ್ತೆರಡು ಮೆಟ್ಟಿಲು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆ. ಬಾಗಿಲಲ್ಲಿ ನಿಂತು 'ನೋಡಿದ್ರಾ' ಎನ್ನಲು ಬಾಯಿ ತೆರೆದರೆ ಮಾತಿನ ಬದಲು ಬರೀ ಗಾಳಿ ಬಂತು. ಜವಾನ ನೀರು ತಂದ. ಬಸವಣ್ಣನವರು ಮ್ಯಾನೇಜರ ಮೇಜಿನ ಮೇಲಿದ್ದ ಕಡತವನ್ನೇ ತೆಗೆದುಕೊಂಡು ಗಾಳಿ ಬೀಸಿದರು.

"ಸಾರ್," ಎಂದರು ನಾಗಲಕ್ಷ್ಮಿ, "ಆವಾಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ಸುಳ್ಳು ಮಾಹಿತಿ ಅಂತಾದ್ರೆ ಈ ಮನೆಗೆ ಸಾಲವೇ ಇಲ್ಲ. ಅರ್ಜಿದಾರರಿಗೆ ಕಾಯಿಲೆ ಅಂತಾದ್ರೆ, ಮನೆಯ ಮಾಲೀಕರು ಬೇರೆ ಅರ್ಜಿ ಹಾಕಬಹುದು."

ಶಿವರುದ್ರಮ್ಮ ಇಷ್ಟು ದಿನದ ಮೌನ ಮುರಿದರು. ಗಂಡನ ಕಿವಿಯ ಹತ್ತಿರ ಬಾಗಿ, "ಮಗ್ಳು ಬರ್ಬೇಕಾ ಬ್ಯಾಡ್ವಾ? ನೀವು ಕಾಯ್ಲೆಯೋರಾ, ಸುಳ್ಳುಗಾರ್ರಾ? ಬೇಗ ಹೇಳಿ," ಎಂದರು.

ತೊಲೆಯ ಕೊಂಡಿ ಕಣ್ಣ ಮುಂದೆ ಬಂತು. ಮರಿಮಲ್ಲಪ್ಪನವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಎದೆನೋವು," ಎಂದರು.

ಆಮೇಲಿನದೆಲ್ಲ ಅರ್ಧ ಗಂಟೆಯ ಕೆಲಸ. ಶಿವರುದ್ರಮ್ಮ ಚೀಲದಿಂದ ಡಬ್ಬಿ ತೆಗೆದು, "ಇದು ಬೆಳಿಗ್ಗೆ ಹಾಕಿ ಸಂಜೆಗೆ ಎತ್ತಿದ ಹಪ್ಪಳ ಕಣವ್ವ. ನಮ್ಮ ತಾರಸಿ ಬಿಸ್ಲು ಎಂಗದೆ ಅಂತ ನೀವೇ ಮುರಿದು ನೋಡಿ," ಎಂದರು. ನಾಗಲಕ್ಷ್ಮಿ ಒಂದನ್ನು ಮುರಿದರು. ಆ ಸದ್ದು ಇಡೀ ಬ್ಯಾಂಕಿಗೆ ಕೇಳಿಸಿತು. ಮಳಿಗೆಗಳ ಬಾಡಿಗೆ ಶಿವರುದ್ರಮ್ಮನ ಖಾತೆಗೇ ಬೀಳುತ್ತಿತ್ತು. ತಾರಸಿಯನ್ನು ಸೋಮೇಶ್ ನಾಳೆಯೇ ಮತ್ತೆ ಬಂದು ನೋಡುವುದೆಂದಾಯಿತು. ದಿಲೀಪನ ಕಾಗದದಲ್ಲಿದ್ದ ಬೆಲೆಗಿಂತ ಶಿವರುದ್ರಮ್ಮ ಒಂದು ಪೈಸೆಯೂ ಕಡಿಮೆ ಕೇಳಲಿಲ್ಲ. ಮರಿಮಲ್ಲಪ್ಪನವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಮುಖ ಆಚೆ ತಿರುಗಿಸಿ ಕೂತರು. ಈಗ ನಿಜವಾಗಿಯೂ ಎದೆ ನೋಯುತ್ತಿತ್ತು.

"ಅವಲಂಬಿತರು ಯಾರಾದ್ರೂ ಇದ್ದಾರಾ ಅಮ್ಮ?" ನಾಗಲಕ್ಷ್ಮಿ ಕೊನೆಯ ಖಾನೆಗೆ ಬಂದರು.

ಶಿವರುದ್ರಮ್ಮ ಸ್ವಲ್ಪ ಯೋಚಿಸಿ, ಗಂಡನ ಕಡೆ ಗದ್ದ ಎತ್ತಿ ತೋರಿಸಿದರು. "ಇವ್ರೊಬ್ರೇ."

ಎರಡೇ ವಾರದಲ್ಲಿ ಪ್ಯಾನೆಲ್ಲು ಕೂತವು, ಹಿಂದಿನ ಕೋಣೆಗೆ ಏಸಿ ಬಂತು. ಶಿವಾನಿ ಒಂಬತ್ತು ತುಂಬುವ ಮೊದಲೇ ತವರಿಗೆ ಬಂದಳು. ತೊಲೆಯ ಕೊಂಡಿಗೆ ತೊಟ್ಟಿಲು ಬಿತ್ತು, ತೊಟ್ಟಿಲಿಗೆ ಮೊಮ್ಮಗಳೂ ಬಂದಳು. ಮರಿಮಲ್ಲಪ್ಪನವರು ಕೂತಲ್ಲಿ ಕೂತು ತೊಟ್ಟಿಲು ತೂಗಿದರು. ಎಲ್ಲ ಸುಖವೇ, ಊಟ ಒಂದನ್ನು ಬಿಟ್ಟು. ಅಪ್ಪನಿಗೆ ಎದೆನೋವೆಂದು ಮಾವನ ಬಾಯಲ್ಲಿ ಕೇಳಿ ಬಂದಿದ್ದ ಶಿವಾನಿ, ಬಂದ ದಿನವೇ ಅವರ ತಟ್ಟೆಯಿಂದ ಉಪ್ಪು, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಗಡೀಪಾರು ಮಾಡಿದ್ದಳು. ಕಾಯಿಲೆ ಇಲ್ಲವೆಂದು ಅವರು ಎಷ್ಟೋ ಹೇಳಿದರು. "ಸುಮ್ನಿರಪ್ಪ, ಬ್ಯಾಂಕಿನೋರೇ ಬರ್ಕಂಡವ್ರೆ," ಎಂದಳು.

ಒಂದು ಮಧ್ಯಾಹ್ನ ಮುದ್ದೆಯ ಮುಂದೆ ಕೂತು ಅವರು ಹೆಂಡತಿಯನ್ನು ಮೆಲ್ಲಗೆ ಕೇಳಿದರು. "ನಿಂಗಾದ್ರೂ ನಿಜ ಗೊತ್ತಲ್ಲ. ಈ ಸಪ್ಪೆ ಸಾರು ಎಲ್ಲೀ ಗಂಟ?"

"ಕಂತು ಮುಗಿಯೋ ಗಂಟ. ಅದ್ರ ಮಧ್ಯೆ ನೀವು ಸುಳ್ಳುಗಾರ್ರು ಅಂತ ಬ್ಯಾಂಕಿಗೆ ಗೊತ್ತಾದ್ರೆ ನನ್ನ ಮಾನ ಹೋಯ್ತದೆ. ಅರವತ್ತು ಕಂತು. ಈಗಿನ್ನೂ ಒಂದೇ ಒಂದು ಕಟ್ಟಿವ್ನಿ."

ಮರಿಮಲ್ಲಪ್ಪನವರು ಸುತ್ತ ನೋಡಿದರು. ಮಗಳು ಕೋಣೆಯಲ್ಲಿದ್ದಳು. ಎಡಗೈಯಿಂದ ಟವೆಲ್ಲು ಎಳೆದು ಹಾಸಿ, ಹೆಂಡತಿಯ ಕಡೆ ಚಾಚಿದರು. ಶಿವರುದ್ರಮ್ಮ ಬೇಡವೆನ್ನಲಿಲ್ಲ, ಸೆರಗಿಗೆ ಕೈ ಒರೆಸಿಕೊಂಡು ಟವೆಲ್ಲಿನಡಿಗೆ ಕೊಟ್ಟರು. ಮರಿಮಲ್ಲಪ್ಪನವರು ಮೂರು ಬೆರಳು ಹಿಡಿದರು: ಮೂವತ್ತು ಕಂತಿನವರೆಗೆ. ಆಕೆ ಜಗ್ಗಲಿಲ್ಲ. ನಾಲ್ಕು ಹಿಡಿದರು. ಆಗ ಶಿವರುದ್ರಮ್ಮ ತಾವೇ ಗಂಡನ ಕೈ ತಿರುಗಿಸಿ, ಐದು ಬೆರಳನ್ನೂ ಒಟ್ಟಿಗೆ ಹಿಂಡಿ, ಬಿಟ್ಟು, ಹೆಬ್ಬೆರಳನ್ನು ಇನ್ನೊಂದು ಸಲ ಗಟ್ಟಿಯಾಗಿ ಹಿಡಿದರು.

ಅರವತ್ತು. ನಲವತ್ತು ವರ್ಷ ದಳ್ಳಾಳಿಯ ಸಂಸಾರ ಮಾಡಿದ ಹೆಂಗಸು ಇಷ್ಟೂ ಕಲಿಯದೆ ಇರುತ್ತಾಳೆಯೆ? ಮರಿಮಲ್ಲಪ್ಪನವರು ಟವೆಲ್ಲು ಮಡಿಸಿ ಹೆಗಲಿಗೆ ಹಾಕಿಕೊಂಡರು. ಜೀವಮಾನದಲ್ಲಿ ಮೊದಲ ಸಲ, ಕೇಳಿದ ಬೆಲೆಗೆ ಕೇಳಿದ ಹಾಗೇ ಒಪ್ಪಿಕೊಂಡು, ಮುದ್ದೆ ಮುರಿದು ಸಪ್ಪೆ ಸಾರಿಗೆ ಅದ್ದಿದರು.